ಬಜೆ: ಹಿತ್ತಲ ಬೇಸಾಯವೂ ಮನೆಬಳಕೆಯೂ

(ಮುಡಬಿ ಸೀಮೆಯ ಭೂಹಿಡುವಳಿದಾರರನ್ನೂ ಗ್ರಾಮಮುಖಂಡರನ್ನೂ ಉದ್ದೇಶಿಸಿದ ಉಪನ್ಯಾಸದ ಪಾಠ)



ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಸಾಮಾನ್ಯವಾಗಿ ಹತ್ತಿರದ ವಸ್ತುವಿನ ಬೆಲೆಯನ್ನರಿಯದವರನ್ನು ಕುರಿತು ಹೇಳುವುದುಂಟು. ಬಜೆಯ ವಿಷಯದಲ್ಲಿ ಈ ಗಾದೆಗೆ ಎರಡು ಅರ್ಥಗಳಿವೆ. ಬಚ್ಚಲ ನೀರು ಹರಿಯುವ ಎರಡು ಮೊಳ ಜಾಗದಲ್ಲಿ ಬೆಳೆಯಬಹುದಾದ ಈ ಗಿಡವನ್ನು ಬೆಳೆಯದೆ, ಅದರ ಒಣಬೇರನ್ನು ಅಂಗಡಿಯಿಂದ ತರುತ್ತಿರುವುದು ಒಂದು ಅಲಕ್ಷ್ಯ. ಹಾಗೆ ತಂದ ಬೇರನ್ನು ಕಲ್ಲಿನ ಮೇಲೆ ತೇಯ್ದು, ಅಳತೆಯಿಲ್ಲದೆ, ಕಣ್ಣು ಬಿಟ್ಟು ಹತ್ತು ದಿನವಾಗದ ಶಿಶುವಿನ ನಾಲಗೆಗೆ ಹಚ್ಚುವುದು ಅದಕ್ಕಿಂತ ದೊಡ್ಡದಾದ ಇನ್ನೊಂದು ತಪ್ಪು. ಮೊದಲನೆಯದರಿಂದ ಆಗುವ ನಷ್ಟ ಬೀಜದ ಕಾಳಿನದು. ಎರಡನೆಯದರಿಂದ ಆಗಬಹುದಾದ ನಷ್ಟ ತುಂಬಿಕೊಡಲಾರದ್ದು. ಆದಕಾರಣ ಈ ಉಪನ್ಯಾಸದ ಸಾರಾಂಶವನ್ನು ಮೊದಲಿಗೇ ಹೇಳಿಬಿಡುವುದು ಯುಕ್ತ: ಬಜೆಯನ್ನು ಪ್ರತಿಯೊಂದು ಮನೆಯ ಹಿತ್ತಲಲ್ಲಿ ಬೆಳೆಯತಕ್ಕದ್ದು; ಅದರ ಯೋಗ್ಯವಾದ ಸ್ಥಾನ ಬೀಜದ ಗಡಿಗೆಯೂ ಬಟ್ಟೆಯ ಪೆಟ್ಟಿಗೆಯೂ ಹೊರತು ಹಸುಗೂಸಿನ ಬಾಯಲ್ಲ.

1. ಗಿಡದ ಪರಿಚಯ

ಬಸವಕಲ್ಯಾಣ ತಾಲೂಕಿನ ಮುಡಬಿ ಹೋಬಳಿಯು 1948ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದು, 1956ರಲ್ಲಿ ಬೀದರ ಜಿಲ್ಲೆಯೊಡನೆ ಮೈಸೂರು ರಾಜ್ಯವನ್ನು ಸೇರಿತು. ಕನ್ನಡ, ಮರಾಠಿ, ಉರ್ದು, ತೆಲುಗು ಈ ನಾಲ್ಕು ಭಾಷೆಗಳೂ ಕೇಳಿಬರುವ ಸೀಮೆಯಾದುದರಿಂದ ಇಲ್ಲಿ ಒಂದೇ ಬೇರಿಗೆ ಹಲವು ಹೆಸರುಗಳು ಬಳಕೆಯಲ್ಲಿವೆ. ಕನ್ನಡದಲ್ಲಿ ಬಜೆ, ಮರಾಠಿಯಲ್ಲಿ ವೇಖಂಡ, ತೆಲುಗಿನಲ್ಲಿ ವಸ, ಹಿಂದಿಯಲ್ಲಿ ಬಚ್ ಅಥವಾ ಘೋಡ್‌ಬಚ್, ಸಂಸ್ಕೃತದಲ್ಲಿ ವಚಾ, ಉಗ್ರಗಂಧಾ ಎಂದು ಕರೆಯುವುದೆಲ್ಲವೂ ಇದನ್ನೇ. ಸಸ್ಯಶಾಸ್ತ್ರಜ್ಞರು ಇದನ್ನು ಅಕೋರಸ್ ಕ್ಯಾಲಮಸ್ ಎನ್ನುತ್ತಾರೆ. ಹಿಂದೆ ಇದನ್ನು ಕೆಸುವಿನ ಕುಟುಂಬಕ್ಕೆ ಸೇರಿಸಿದ್ದರು. ಈಗ ಇದಕ್ಕೆ ಪ್ರತ್ಯೇಕವಾದ ಕುಟುಂಬವನ್ನೇ ಕಲ್ಪಿಸಿರುವರು. ಹುಲ್ಲು, ಜೋಳ, ಬತ್ತ, ತೆಂಗು ಮೊದಲಾದ ಏಕದಳ ಸಸ್ಯಗಳ ವಂಶದಲ್ಲಿ ಎಲ್ಲಕ್ಕಿಂತ ಮೊದಲು ಬೇರೆಯಾಗಿ ಕವಲೊಡೆದ ಗಿಡವಿದೆಂದು ಇತ್ತೀಚಿನ ಶೋಧನೆಗಳಿಂದ ತಿಳಿದುಬಂದಿದೆ.

ಬಜೆಯು ಜವುಗು ನೆಲದ ಗಿಡ. ಎಲೆಗಳು ಕತ್ತಿಯ ಅಲುಗಿನಂತೆ ನೀಳವಾಗಿ, ನಡುವೆ ಎದ್ದುಕಾಣುವ ನರವುಳ್ಳವಾಗಿ, ಎರಡರಿಂದ ಮೂರು ಅಡಿ ಎತ್ತರ ಬೆಳೆಯುವುವು. ಹೂವು ಬೆರಳಿನಷ್ಟು ಗಾತ್ರದ ಹಸುರು ಹಳದಿ ತೆನೆ. ಅದು ಕಾಣಸಿಗುವುದು ಅಪರೂಪ. ಬೇರೆಂದು ಸಾಮಾನ್ಯವಾಗಿ ಹೇಳುವ ಭಾಗವು ನಿಜವಾಗಿ ನೆಲದೊಳಗೆ ಅಡ್ಡಲಾಗಿ ಹರಿಯುವ ಕಾಂಡ. ಅದು ಗಂಟು ಗಂಟಾಗಿದ್ದು, ಹೊರಗೆ ಕಂದು ಬಣ್ಣ, ಒಳಗೆ ನಸುಗೆಂಪು ಮಿಶ್ರವಾದ ಬಿಳುಪು. ಕೆರೆಯಂಚಿನಲ್ಲಿ ಬೆಳೆಯುವ ಆಪಿನ ಎಲೆಯೂ ದೂರದಿಂದ ಹೀಗೆಯೇ ಕಾಣುವುದರಿಂದ ಮೋಸಹೋಗುವ ಸಂಭವವುಂಟು. ಎಲೆಯನ್ನು ಬೆರಳುಗಳ ನಡುವೆ ಹೊಸಕಿ ಮೂಸಿದರೆ ಸಂದೇಹವು ನಿವಾರಣೆಯಾಗುವುದು. ಬಜೆಗೆ ತೀಕ್ಷ್ಣವಾದ ಸುವಾಸನೆಯಿದೆ, ಆಪಿಗೆ ಇಲ್ಲ.

ಕರ್ನಾಟಕದಲ್ಲಿ ಬಜೆಯನ್ನು ಹೊಲದ ಬೆಳೆಯಾಗಿ ಬೆಳೆಯುವುದಕ್ಕೆ ತುಮಕೂರು ಜಿಲ್ಲೆಯ ಕೊರಟಗೆರೆ ತಾಲೂಕು ಹೆಸರಾಗಿದೆ. ಅಲ್ಲಿಯ ರೈತರು ಬತ್ತದ ಗದ್ದೆಯಂತೆಯೇ ನೆಲವನ್ನು ಕೆಸರುಮಾಡಿ, ನೀರು ನಿಲ್ಲಿಸಿ ಇದನ್ನು ನೆಡುವರು. ಮುಡಬಿಯ ಸುತ್ತಣ ಕೆಮ್ಮಣ್ಣಿನ ದಿಣ್ಣೆಗಳಲ್ಲಾಗಲಿ ಎರೆಯ ಹೊಲಗಳಲ್ಲಾಗಲಿ ವರ್ಷವಿಡೀ ನೀರು ನಿಲ್ಲಿಸುವುದು ಸಾಧ್ಯವಾದ ಮಾತಲ್ಲ. ಮಳೆಯೆಲ್ಲ ಹೆಚ್ಚುಕಡಮೆ ಜೂನಿನಿಂದ ಸೆಪ್ಟೆಂಬರಿನೊಳಗೆ ಬಂದುಹೋಗುವುದು. ಆದುದರಿಂದ ಹೊಲದ ಬೆಳೆಯಾಗಿ ಇದನ್ನು ಇಲ್ಲಿ ಯಾರೂ ಪ್ರಯತ್ನಿಸಬೇಕಾದುದಿಲ್ಲ. ಆದರೆ ಯಾವ ಮನೆಯಲ್ಲಾದರೂ ಪ್ರತಿದಿನ ತಪ್ಪದೆ ಹರಿಯುವ ನೀರು ಒಂದುಂಟು: ಅದು ಬಚ್ಚಲಿನ ನೀರು. ಅಷ್ಟೇ ಈ ಗಿಡಕ್ಕೆ ಸಾಕು.

2. ಗುಣವೂ ದೋಷವೂ ಒಂದೇ ಎಣ್ಣೆಯಲ್ಲಿ

ಬಜೆಯ ವಾಸನೆಗೆ ಕಾರಣ ಅದರ ಬೇರಿನಲ್ಲಿರುವ ಆವಿಯಾಗತಕ್ಕ ಎಣ್ಣೆ. ಈ ಎಣ್ಣೆಯ ಮುಖ್ಯಾಂಶಕ್ಕೆ ಬೀಟಾ ಅಸರೋನ್ ಎಂದು ಹೆಸರು. ಭೂಮಂಡಲದಲ್ಲಿ ಬೆಳೆಯುವ ಬಜೆಯು ಎಲ್ಲೆಡೆಯೂ ಒಂದೇ ಬಗೆಯದಲ್ಲ. ಉತ್ತರ ಅಮೆರಿಕದ ಬಗೆಯಲ್ಲಿ ಈ ವಸ್ತುವು ಇಲ್ಲ. ಯೂರೋಪಿನ ಬಗೆಯಲ್ಲಿ ಅಲ್ಪವಾಗಿದೆ. ಅದು 16ನೆಯ ಶತಮಾನದಲ್ಲಿ ಏಷ್ಯದಿಂದ ತುರ್ಕಿಯ ಮಾರ್ಗವಾಗಿ ವಿಯೆನ್ನಾ ನಗರದ ತೋಟಗಳಿಗೆ ಹೋಗಿ, ಬೀಜ ಕಟ್ಟದೆ, ಬೇರಿನ ತುಂಡುಗಳಿಂದಲೇ ಆ ಖಂಡದ ಕೊಳಗಳಲ್ಲೆಲ್ಲ ಹಬ್ಬಿದ ಗಿಡ. ಭಾರತದ ಬಯಲುಸೀಮೆಗಳಲ್ಲಿ ಬೆಳೆಯುವ ಬಗೆಯಲ್ಲಿಯಾದರೋ ಎಣ್ಣೆಯ ಬಹುಭಾಗವು ಬೀಟಾ ಅಸರೋನೇ ಆಗಿರುತ್ತದೆ. ಆದಕಾರಣ ಬೇರೆ ದೇಶದವರು ತಮ್ಮ ಬಜೆಯನ್ನು ಮಿಠಾಯಿಯಲ್ಲಿಯೂ ಪಾನೀಯದಲ್ಲಿಯೂ ಬೆರಸುತ್ತಿದ್ದರೆಂಬ ವಿಷಯವನ್ನು ಓದಿ, ಇಲ್ಲಿಯ ಬಜೆಯೂ ಹಾಗೆಯೇ ನಿರಪಾಯವೆಂದು ಭಾವಿಸಕೂಡದು.

1960ರ ದಶಕದಲ್ಲಿ ಜಮ್ಮು ಪ್ರಾಂತದ ಬಜೆಯ ಎಣ್ಣೆಯನ್ನು ಬಹುಕಾಲ ಇಲಿಗಳಿಗೆ ತಿನ್ನಿಸಿ ನೋಡಿದಾಗ ಅವುಗಳ ಕರುಳಿನಲ್ಲಿ ಗಂತಿಗಳು ಹುಟ್ಟಿದುವು. 1968ರಲ್ಲಿ ಅಮೆರಿಕದ ಸರಕಾರವು ಆಹಾರದಲ್ಲಿ ಬಜೆಯನ್ನೂ ಅದರ ಎಣ್ಣೆಯನ್ನೂ ಬೆರಸುವುದನ್ನು ನಿಷೇಧಿಸಿತು. ಈ ವಸ್ತುವೇ ಕೀಟಗಳ ಮೇಲೆ ಬೇರೊಂದು ವಿಧದಲ್ಲಿ ಕೆಲಸ ಮಾಡುವುದು: ಇದರ ಆವಿಯಲ್ಲಿ ಇದ್ದ ಹೆಣ್ಣುಕೀಟದ ಅಂಡಾಶಯವು ಬಲಿಯದೆ ಅದು ಬಂಜೆಯಾಗುವುದು. ಹೀಗೆ ಕಾಳನ್ನು ಕಾಯುವ ಗುಣವೂ ಮನುಷ್ಯನಿಗೆ ಎಚ್ಚರಿಕೆ ಹೇಳುವ ದೋಷವೂ ಒಂದೇ ಎಣ್ಣೆಯಲ್ಲಿ ಅಡಕವಾಗಿವೆ. ಒಂದನ್ನು ಬಲ್ಲವನು ಇನ್ನೊಂದನ್ನು ಮರೆಯಬಾರದು.

ಆಯುರ್ವೇದದಲ್ಲಿ ವಚೆಗೆ ಪ್ರಾಚೀನವಾದ ಮಾನ್ಯತೆಯಿದೆ. ಚರಕಸಂಹಿತೆಯಲ್ಲಿ ಇದನ್ನು ಹಲವು ಔಷಧಗಣಗಳಲ್ಲಿ ಎಣಿಸಿದೆ. ಆದರೆ ವಿಧಿಯರಿತ ವೈದ್ಯರು ಇದನ್ನು ಹಸಿಯಾಗಿ ಕೊಡುವುದಿಲ್ಲ. ಮೊದಲು ಶೋಧನಸಂಸ್ಕಾರ ಮಾಡಿ, ಅನಂತರ ತೂಗಿ ಕೊಡುವರು. ಭಾರತದ ಆಯುರ್ವೇದ ಔಷಧಕೋಶದಲ್ಲಿ ಹೇಳಿರುವ ಪ್ರಮಾಣವು ಪ್ರಾಯದವರಿಗೆ 60ರಿಂದ 120 ಮಿಲಿಗ್ರಾಂ. 1ರಿಂದ 2 ಗ್ರಾಂ ಕೊಟ್ಟರೆ ಅದು ವಾಂತಿಮಾಡಿಸುವ ಔಷಧವಾಗುವುದು. ಒಂದು ತೊಗರಿ ಕಾಳಿನ ತೂಕವು ಸುಮಾರು 100 ಮಿಲಿಗ್ರಾಂ. ಎಂದರೆ ದುಡಿಯುವ ಗಂಡಾಳಿಗೆ ಒಂದು ತೊಗರಿ ಕಾಳಿನಷ್ಟು ಔಷಧ, ಹತ್ತು ಕಾಳಿನಷ್ಟು ವಮನ. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಶಿಶುಗಳ ವಿಷಯದಲ್ಲಿ ಹೇಳುವ ಮಾತು ಸುಲಭವಾಗಿ ತಿಳಿಯುವುದು.

3. ಹಿತ್ತಲಲ್ಲಿ ಬೆಳೆಯುವ ಕ್ರಮ

ಸ್ಥಳ. ಬಚ್ಚಲಿನ ನೀರು ಹೊರಬೀಳುವ ಕಡೆ, ಕುಡಿಯುವ ನೀರಿನ ಬಾವಿಯಿಂದ ಕಡಮೆಯೆಂದರೆ 10 ಮೀಟರ್ ದೂರದಲ್ಲಿ, ಅರ್ಧ ದಿನವಾದರೂ ಬಿಸಿಲು ಬೀಳುವ ಜಾಗವನ್ನು ಆರಿಸತಕ್ಕದ್ದು. ಪಾಯಖಾನೆಯ ನೀರು ಇದಕ್ಕೆ ಸೇರಕೂಡದು.

ಗುಣಿ. 2 ಮೀಟರ್ ಉದ್ದ, 1 ಮೀಟರ್ ಅಗಲ, ಎರಡು ಗೇಣು ಆಳದ ಗುಣಿಯನ್ನು ತೋಡಬೇಕು. ಕೆಮ್ಮಣ್ಣಿನ ನೆಲದಲ್ಲಿ ನೀರು ಬೇಗ ಇಂಗಿಹೋಗುವುದರಿಂದ ತಳಕ್ಕೂ ಪಕ್ಕಗಳಿಗೂ ಎರೆಮಣ್ಣನ್ನು ನೀರಿನೊಡನೆ ಕಾಲಿನಿಂದ ತುಳಿದು, ನಾಲ್ಕು ಅಂಗುಲ ದಪ್ಪವಾಗಿ ಮೆತ್ತತಕ್ಕದ್ದು. ಎರೆಯ ನೆಲದಲ್ಲಿ ಈ ಮೆತ್ತನೆ ಬೇಕಿಲ್ಲ. ಆದರೆ ಒಣಗಲು ಬಿಟ್ಟರೆ ಎರೆಯು ಬಿರಿದು ಬೇರನ್ನು ಹರಿಯುವುದರಿಂದ ನೆಲವು ಎಂದೂ ಒಣಗದಂತೆ ನೋಡಿಕೊಳ್ಳಬೇಕು. ಬಳಿಕ ಎರಡು ಪಾಲು ಕೆರೆಯ ಗೋಡು ಅಥವಾ ಎರೆಮಣ್ಣು, ಒಂದು ಪಾಲು ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ ಸೇರಿಸಿ ಗುಣಿಯನ್ನು ನೆಲಮಟ್ಟಕ್ಕೆ ತುಂಬಬೇಕು.

ನೀರಿನ ದಾರಿ. ಬಚ್ಚಲಿನ ನೀರು ಗುಣಿಯನ್ನು ಸೇರುವ ಬಾಯಿಯಲ್ಲಿ ಒಂದು ಬುಟ್ಟಿಯಷ್ಟು ಜಲ್ಲಿಕಲ್ಲನ್ನು ಹಾಕಿದರೆ ಕೂದಲು, ಜಿಡ್ಡು, ಸೀಗೆಯ ಗಸಿ ಅಲ್ಲಿಯೇ ನಿಲ್ಲುವುವು. ಈ ಕಲ್ಲುಗಳನ್ನು ತಿಂಗಳಿಗೊಮ್ಮೆ ತೆಗೆದು ತೊಳೆಯತಕ್ಕದ್ದು. ಇನ್ನೊಂದು ತುದಿಯಲ್ಲಿ ಹೆಚ್ಚಾದ ನೀರು ಬಾಳೆಗೋ ಕೆಸುವಿಗೋ ಹರಿದುಹೋಗುವಂತೆ ಸಣ್ಣ ಕಾಲುವೆಯಿರಬೇಕು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಗದ್ದೆಯ ಬೇಸಾಯದಲ್ಲಿ ಬಜೆಗೆ ಎರಡರಿಂದ ನಾಲ್ಕು ಅಂಗುಲ ನೀರು ನಿಲ್ಲಿಸುವುದು ರೂಢಿ. ಮನೆಯ ಬಳಿ ಹಾಗೆ ಮಾಡಕೂಡದು. ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆಯು ಒಂದು ವಾರದಿಂದ ಹತ್ತು ದಿನಗಳೊಳಗೆ ರೆಕ್ಕೆಯ ಸೊಳ್ಳೆಯಾಗುವುದು. ಅದರಿಂದ ಮಲೇರಿಯ, ಡೆಂಗಿ ಮೊದಲಾದ ಜ್ವರಗಳು ಹಬ್ಬುವುವು. ಮಣ್ಣು ಸದಾ ಕೆಸರಾಗಿದ್ದರೆ ಬಜೆಗೆ ಸಾಕು. ಮೇಲೆ ನೀರು ಕಾಣಬೇಕಾದುದಿಲ್ಲ. ಗುಣಿಯನ್ನು ನೆಲಮಟ್ಟಕ್ಕೆ ತುಂಬಬೇಕೆಂದು ಹೇಳಿದುದು ಇದೇ ಕಾರಣದಿಂದ.

ನೀರಿನ ಪ್ರಮಾಣದ ವಿಷಯದಲ್ಲಿ ಚಿಂತಿಸಬೇಕಾದುದಿಲ್ಲ. ಬೇಸಗೆಯ ಕಡುಬಿಸಿಲಿನಲ್ಲಿ ದಿನವೊಂದಕ್ಕೆ ಸುಮಾರು 10 ಮಿಲಿಮೀಟರ್ ನೀರು ಆವಿಯಾಗುವುದೆಂದು ಎಣಿಸಿದರೆ, 2 ಚದರ ಮೀಟರಿನ ಈ ಗುಣಿಗೆ ದಿನಕ್ಕೆ 20 ಲೀಟರ್, ಎಂದರೆ ಎರಡು ಕೊಡ ನೀರು ಸಾಕು. ಐದು ಜನರ ಸಂಸಾರದ ಸ್ನಾನದ ನೀರು ಇದಕ್ಕಿಂತ ಎಷ್ಟೋ ಹೆಚ್ಚು.

ನಾಟಿ. ಗಂಧಿಗೆಯ ಅಂಗಡಿಯಲ್ಲಿ ಮಾರುವ ಒಣ ಬಜೆಯು ಮೊಳೆಯುವುದಿಲ್ಲ. ಮೊಳಕೆಯುಳ್ಳ ಹಸಿಯ ಬೇರೇ ಬೇಕು. ಇದಕ್ಕಾಗಿ ಬೀದರಿನ ತೋಟಗಾರಿಕೆ ಮಹಾವಿದ್ಯಾಲಯದಲ್ಲಿಯೂ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ವಿಚಾರಿಸಬಹುದು. ಒಂದೆರಡು ಗಂಟುಗಳೂ ಒಂದು ಮೊಳಕೆಯೂ ಇರುವಂತೆ ಬೇರನ್ನು ತುಂಡರಿಸಿ, ಮೃಗಶಿರೆಯಲ್ಲಿಯೋ ಆರಿದ್ರೆಯಲ್ಲಿಯೋ ನೆಲ ನೆನೆದ ಮೇಲೆ, ಒಂದೊಂದು ಅಡಿಯ ಅಂತರದಲ್ಲಿ, ಎರಡು ಅಂಗುಲ ಆಳಕ್ಕೆ, ಮೊಳಕೆ ಮೇಲ್ಮುಖವಾಗಿರುವಂತೆ ನೆಡತಕ್ಕದ್ದು. ಮೂರು ಸಾಲು, ಸಾಲಿಗೆ ಆರರಂತೆ, ಈ ಗುಣಿಯಲ್ಲಿ 18 ಗಿಡಗಳು ಹಿಡಿಯುವುವು. ಮೊದಲ ಎರಡು ಮೂರು ತಿಂಗಳು ಕಳೆ ಕೀಳಬೇಕು. ಆಮೇಲೆ ಎಲೆಗಳ ನೆರಳೇ ಕಳೆಯನ್ನು ಅಡಗಿಸುವುದು. ದೀಪಾವಳಿಯ ಹೊತ್ತಿಗೆ ಇನ್ನೊಂದು ಬುಟ್ಟಿ ಗೊಬ್ಬರ ಹರಡಿದರೆ ಒಳ್ಳೆಯದು.

4. ಅಗೆತ ಮತ್ತು ಒಣಗಿಸುವಿಕೆ

ನೆಟ್ಟ ಹತ್ತರಿಂದ ಹನ್ನೆರಡು ತಿಂಗಳಿಗೆ, ಕೆಳಗಿನ ಎಲೆಗಳು ಹಳದಿಯಾಗಿ ಒಣಗತೊಡಗಿದಾಗ, ಬೇರು ಬಲಿತಿದೆಯೆಂದು ತಿಳಿಯಬೇಕು. ಬೇರು ಅಗಲವಾಗಿ ಹರಡಿಕೊಂಡಿರುವುದರಿಂದ ಕೈಯಿಂದ ಎಳೆಯದೆ ಗುದ್ದಲಿಯಿಂದ ಸುತ್ತಲೂ ಬಿಡಿಸಿ ತೆಗೆಯತಕ್ಕದ್ದು. ತೊಳೆದು, ಮುಂದಿನ ನಾಟಿಗೆ ಬೇಕಾದ ಮೊಳಕೆಯ ತುದಿಗಳನ್ನು ಒದ್ದೆಮಣ್ಣಿನಲ್ಲಿ ಹೂಳಿಟ್ಟು, ಉಳಿದುದನ್ನು ಬೆರಳುದ್ದದ ತುಂಡುಗಳನ್ನಾಗಿ ಕತ್ತರಿಸಬೇಕು.

ತುಂಡುಗಳನ್ನು ನೆರಳಿನಲ್ಲಿ ತೆಳುವಾಗಿ ಹರಡಿ ಒಣಗಿಸತಕ್ಕದ್ದು. ಕಡುಬಿಸಿಲಿನಲ್ಲಿ ಹಾಕಿದರೆ ಎಣ್ಣೆಯು ಆವಿಯಾಗಿ ಹೋಗಿ ಬರಿಯ ನಾರು ಉಳಿಯುವುದು. ಮುರಿದಾಗ ಪಟ್ಟನೆ ಸದ್ದಾದರೆ ಒಣಗಿದೆಯೆಂದು ಅರ್ಥ. ಆಗ ಗೋಣಿಯಲ್ಲಿ ತುಂಬಿ ಒಂದಕ್ಕೊಂದು ತಿಕ್ಕಿದರೆ ಹೊರಗಿನ ಪೊರೆಯೂ ಕೂದಲಿನಂತಹ ಬೇರುಗಳೂ ಉದುರುವುವು. ಚೆನ್ನಾಗಿ ಬೆಳೆದ ಗುಣಿಯೊಂದರಿಂದ ಅಂದಾಜು ಅರ್ಧ ಕಿಲೋಗ್ರಾಂ ಒಣಬೇರು ನಿರೀಕ್ಷಿಸಬಹುದು. ಇದನ್ನು ತುಂಡಾಗಿಯೇ ಮುಚ್ಚಳವುಳ್ಳ ಡಬ್ಬಿಯಲ್ಲಿಟ್ಟು, ಬೇಕಾದಾಗ ಮಾತ್ರ ಪುಡಿಮಾಡತಕ್ಕದ್ದು. ಮುಂಚಿತವಾಗಿ ಪುಡಿಮಾಡಿಟ್ಟರೆ ಸತ್ತ್ವ ಕುಂದುವುದು. ಡಬ್ಬಿಯ ಮೇಲೆ ತಿನ್ನುವುದಕ್ಕಲ್ಲ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದು, ಮಕ್ಕಳ ಕೈಗೆ ಎಟುಕದ ಕಡೆ ಇಡಬೇಕು.

5. ಬೀಜದ ಕಾಳಿನ ರಕ್ಷಣೆ

ಬೀದರ ಜಿಲ್ಲೆಯು ತೊಗರಿ, ಹೆಸರು, ಉದ್ದು, ಕಡಲೆಗಳ ನಾಡು. ಭಾದ್ರಪದದಲ್ಲಿ ಬಂದ ಹೆಸರಿನ ಕಾಳನ್ನು ಬೀಜಕ್ಕೆಂದು ತೆಗೆದಿಟ್ಟರೆ ಮುಂದಿನ ಮೃಗಶಿರೆಯವರೆಗೆ ಒಂಬತ್ತು ತಿಂಗಳು ಕಾಯಬೇಕು. ತೊಗರಿಯನ್ನಾದರೆ ಐದು ತಿಂಗಳು. ಈ ಅವಧಿಯಲ್ಲಿ ಕಾಳು ಕೊರೆಯುವ ಹುಳುವು ಬೀಜವನ್ನು ಟೊಳ್ಳುಮಾಡುವುದನ್ನು ಕಾಣದ ಒಕ್ಕಲಿಗನಿಲ್ಲ. ಈ ಕೀಟವು ಕಾಳಿನ ಮೇಲೆ ಬಿಳಿಯ ಚುಕ್ಕೆಯಂತೆ ಮೊಟ್ಟೆಯನ್ನು ಅಂಟಿಸುವುದು. ಮರಿಯು ಒಳಹೊಕ್ಕು ಬೇಳೆಯನ್ನು ತಿಂದು, ಮೂರು ನಾಲ್ಕು ವಾರಗಳಲ್ಲಿ ದುಂಡಾದ ತೂತನ್ನು ಮಾಡಿಕೊಂಡು ಹೊರಬರುವುದು. ಹೊರಬಂದ ಕೀಟವು ಮತ್ತೆ ಮೊಟ್ಟೆಯಿಡುವುದು. ಹೀಗೆ ಒಂಬತ್ತು ತಿಂಗಳಲ್ಲಿ ಎಷ್ಟು ತಲೆಮಾರು ನಡೆಯುವುವೆಂಬುದನ್ನು ಎಣಿಸಿ ನೋಡಬಹುದು.

ಬಜೆಯು ಈ ತಲೆಮಾರಿನ ಸರಪಣಿಯನ್ನು ಕಡಿಯುವುದು. ಬಳಸುವ ಕ್ರಮ ಹೀಗಿದೆ: ಬೀಜವನ್ನು ಎರಡು ಮೂರು ಬಿಸಿಲು ಚೆನ್ನಾಗಿ ಒಣಗಿಸಿ, ಹಲ್ಲಿನಿಂದ ಕಡಿದಾಗ ಕಟ್ಟನೆ ಒಡೆಯುವಂತಾದ ಮೇಲೆ, ನೆರಳಿನಲ್ಲಿ ಆರಿಸಬೇಕು. ಒಂದು ಕಿಲೋಗ್ರಾಂ ಬೀಜಕ್ಕೆ 10 ಗ್ರಾಂ ಬಜೆಯ ನಯವಾದ ಪುಡಿಯನ್ನು ಹಾಕಿ, ಪ್ರತಿಯೊಂದು ಕಾಳಿಗೂ ಹತ್ತುವಂತೆ ಕಲಸಿ, ಗಡಿಗೆಯಲ್ಲಿಯೋ ದಟ್ಟವಾದ ಚೀಲದಲ್ಲಿಯೋ ತುಂಬಿ, ಬಾಯಿಯನ್ನು ಭದ್ರವಾಗಿ ಮುಚ್ಚತಕ್ಕದ್ದು. ಅರ್ಧ ಕಿಲೋಗ್ರಾಂ ಬಜೆಯು 50 ಕಿಲೋಗ್ರಾಂ ಬೀಜಕ್ಕೆ ಸಾಕಾಗುವುದು. ಎಕರೆಗೆ 5 ಕಿಲೋಗ್ರಾಂ ತೊಗರಿಯ ಬೀಜವೆಂದು ಹಿಡಿದರೆ, ಎರಡು ಮೀಟರಿನ ಒಂದು ಗುಣಿಯು ಹತ್ತು ಎಕರೆಯ ಬಿತ್ತನೆಯನ್ನು ಕಾಯುವುದೆಂದಾಯಿತು. ಹುಳು ಹತ್ತುವ ಮೊದಲೇ ಇದನ್ನು ಮಾಡಬೇಕು. ಕಾಳಿನೊಳಗೆ ಆಗಲೇ ಹೊಕ್ಕ ಮರಿಯನ್ನು ಪುಡಿಯು ಮುಟ್ಟಲಾರದು.

ಹೇಳಿದ ಮಾತನ್ನು ಪರೀಕ್ಷಿಸದೆ ನಂಬಬೇಕಾದುದಿಲ್ಲ. ಮೊದಲ ವರ್ಷ ಒಂದು ಗಡಿಗೆಗೆ ಪುಡಿ ಹಾಕಿ, ಪಕ್ಕದ ಗಡಿಗೆಗೆ ಹಾಕದೆ ಇಟ್ಟು, ವೈಶಾಖದಲ್ಲಿ ಎರಡನ್ನೂ ಬಿಚ್ಚಿ ನೋಡತಕ್ಕದ್ದು. ಎರಡರಿಂದಲೂ ನೂರು ನೂರು ಕಾಳನ್ನು ಎಣಿಸಿ ಒದ್ದೆಬಟ್ಟೆಯಲ್ಲಿ ಕಟ್ಟಿ, ನಾಲ್ಕೈದು ದಿನಗಳ ಮೇಲೆ ಮೊಳೆತವನ್ನು ಲೆಕ್ಕಹಾಕಿದರೆ ಬೀಜದ ಯೋಗ್ಯತೆಯೂ ಪುಡಿಯ ಪ್ರಯೋಜನವೂ ಕಣ್ಣಿಗೇ ಕಾಣುವುವು.

ಇದರಲ್ಲಿ ನಾಲ್ಕು ನಿಯಮಗಳನ್ನು ತಪ್ಪದೆ ಪಾಲಿಸಬೇಕು. ಬಜೆ ಬೆರಸಿದ ಕಾಳು ಬಿತ್ತುವುದಕ್ಕೆ ಮಾತ್ರ. ಮಿಕ್ಕುದನ್ನು ಬೇಳೆ ಮಾಡಕೂಡದು, ದನಕ್ಕೂ ಕೋಳಿಗೂ ಹಾಕಕೂಡದು. ಪುಡಿ ಮಾಡುವಾಗ ಮೂಗಿಗೂ ಬಾಯಿಗೂ ಬಟ್ಟೆ ಕಟ್ಟಿಕೊಳ್ಳಬೇಕು. ಅಡಿಗೆಮನೆಯ ಒರಳನ್ನಾಗಲಿ ಯಂತ್ರವನ್ನಾಗಲಿ ಇದಕ್ಕೆ ಬಳಸಕೂಡದು. ಬಿತ್ತುವ ಮುನ್ನ ಜರಡಿಯಾಡಿಸಿ ಪುಡಿಯನ್ನು ಉದುರಿಸಿ, ಕೈಯನ್ನು ಸಾಬೂನಿನಿಂದ ತೊಳೆಯಬೇಕು.

ತಿನ್ನುವ ಕಾಳಿಗೆ ಬೇರೆ ಉಪಾಯಗಳಿವೆ. ಚೆನ್ನಾಗಿ ಒಣಗಿಸಿ ಗಾಳಿಯಾಡದ ಚೀಲದಲ್ಲಿ ಕಟ್ಟುವುದು, ಕಿಲೋಗ್ರಾಮಿಗೆ ಒಂದು ಸಣ್ಣ ಚಮಚೆಯಂತೆ ಅಡಿಗೆಯ ಎಣ್ಣೆಯನ್ನು ಸವರುವುದು, ಇಲ್ಲವೆ ಬೇಳೆ ಒಡೆಸಿ ಇಡುವುದು, ಇವು ನಿರಪಾಯವಾದುವು. ಕಾಳಿಗೆ ಹಾಕುವ ವಿಷದ ಗುಳಿಗೆಗಳನ್ನು ಜನ ಮಲಗುವ ಮನೆಯಲ್ಲಿ ಎಂದೂ ಇಡಕೂಡದು. ಅವುಗಳಿಂದ ಹೊರಡುವ ಅನಿಲವು ಹುಳುವನ್ನು ಕೊಲ್ಲುವಂತೆಯೇ ಮನುಷ್ಯನನ್ನೂ ಕೊಲ್ಲುವುದು.

ಕಾಳಿನ ಹೊರತಾಗಿ, ಬಜೆಯ ನಾಲ್ಕು ತುಂಡುಗಳನ್ನು ತೆಳುಬಟ್ಟೆಯಲ್ಲಿ ಕಟ್ಟಿ ಉಣ್ಣೆಯ ಕಂಬಳಿ, ರೇಷ್ಮೆಯ ಸೀರೆ, ಹಳೆಯ ಕಾಗದಪತ್ರ, ತಾಳೆಯೋಲೆಯ ಕಟ್ಟುಗಳ ಪೆಟ್ಟಿಗೆಯಲ್ಲಿ ಇಡುವುದು ಪೂರ್ವಕಾಲದಿಂದ ಬಂದ ಒಳ್ಳೆಯ ವಾಡಿಕೆ. ವಾಸನೆ ಕುಂದಿದಾಗ ಹೊಸದನ್ನು ಇಡಬೇಕು.

6. ಹಸುಗೂಸುಗಳ ವಿಷಯ

ಈ ಭಾಗವೇ ಉಪನ್ಯಾಸದ ಮುಖ್ಯಾಂಶ. ಮಗು ಹುಟ್ಟಿದ ಮನೆಯಲ್ಲಿ ಬಜೆಯನ್ನು ತಾಯಿಯ ಹಾಲಿನಲ್ಲಿಯೋ ಜೇನಿನಲ್ಲಿಯೋ ತೇಯ್ದು ನಾಲಗೆಗೆ ಹಚ್ಚುವ ಪದ್ಧತಿ ಕನ್ನಡನಾಡಿನ ಎಲ್ಲ ಕಡೆಯೂ ಉಂಟು. ಹೊಟ್ಟೆಯುಬ್ಬರ ಇಳಿಯುವುದು, ನಾಲಗೆ ತೆಳುವಾಗಿ ಮಾತು ಸ್ಪಷ್ಟವಾಗುವುದು, ಬುದ್ಧಿ ಚುರುಕಾಗುವುದು ಎಂಬುವು ಇದಕ್ಕೆ ಹೇಳುವ ಕಾರಣಗಳು. ಹಾಗೆ ಮಾಡುವ ಅಜ್ಜಿಯಂದಿರ ಮನಸ್ಸಿನಲ್ಲಿ ಮಗುವಿನ ಹಿತವಲ್ಲದೆ ಬೇರೇನೂ ಇಲ್ಲ. ಆದುದರಿಂದ ಅವರನ್ನು ಹಳಿಯುವುದು ಸರಿಯಲ್ಲ. ಕಾರಣವನ್ನು ತಿಳಿಸಿ ಹೇಳುವುದು ಸರಿ.

ಮೊದಲನೆಯದಾಗಿ ಅಳತೆ. 60 ಕಿಲೋಗ್ರಾಂ ತೂಕದ ಗಂಡಾಳಿಗೆ ಶೋಧಿಸಿದ ಬಜೆಯು ಒಂದು ತೊಗರಿ ಕಾಳಿನ ತೂಕವೆಂದು ಮೇಲೆ ಹೇಳಿದೆ. 3 ಕಿಲೋಗ್ರಾಂ ತೂಕದ ಕೂಸು ಅವನ ಇಪ್ಪತ್ತರಲ್ಲಿ ಒಂದು ಪಾಲು. ತೊಗರಿ ಕಾಳನ್ನು ಇಪ್ಪತ್ತು ಭಾಗ ಮಾಡಿ ಅದರಲ್ಲಿ ಒಂದು ಭಾಗವನ್ನು ಸಾಣೆಕಲ್ಲಿನ ಮೇಲೆ ಅಳೆಯಬಲ್ಲವರು ಯಾರು? ಕಲ್ಲಿನ ಮೇಲೆ ನಾಲ್ಕು ಸುತ್ತು ತೇಯ್ದರೆ ಎಷ್ಟು ಬಂತು, ಎಂಟು ಸುತ್ತಿಗೆ ಎಷ್ಟು ಬಂತು ಎಂಬುದು ಯಾರಿಗೂ ತಿಳಿಯದು. ಅದರ ಮೇಲೆ ಶೋಧನೆಯೂ ಆಗಿರುವುದಿಲ್ಲ. ವಾಂತಿಮಾಡಿಸುವ ಮದ್ದನ್ನು ಹೀಗೆ ಕುರುಡಾಗಿ ಕೊಟ್ಟರೆ ಕೂಸು ಕಕ್ಕುವುದು. ಕಕ್ಕಿದುದು ಶ್ವಾಸನಾಳಕ್ಕೆ ಹೋದರೆ ಉಸಿರು ಕಟ್ಟುವುದು. ಮತ್ತೆ ಮತ್ತೆ ಕಕ್ಕಿದರೆ ಮೈಯ ನೀರೆಲ್ಲ ಬತ್ತುವುದು. ಇಂತಹ ಲೆಕ್ಕದಿಂದ ಸಣ್ಣ ಪಾಲಾದರೂ ಕೊಡಬಹುದೆಂದು ಅರ್ಥಮಾಡಕೂಡದು. ಮನೆಯಲ್ಲಿ ಕೊಡಲೇಬಾರದೆಂಬುದೇ ಇದರ ಅರ್ಥ.

ಎರಡನೆಯದಾಗಿ, ಬಜೆಗೆ ಮಂಪರು ಬರಿಸುವ ಗುಣವುಂಟು. ಅಳುತ್ತಿದ್ದ ಮಗು ಬಜೆ ಹಚ್ಚಿದ ಮೇಲೆ ಸುಮ್ಮನಾದರೆ ಹೊಟ್ಟೆನೋವು ಹೋಯಿತೆಂದು ಮನೆಯವರು ಸಂತೋಷಪಡುವರು. ಆದರೆ ನೋವು ಹೋಗಿ ಸುಮ್ಮನಾದುದಕ್ಕೂ ಮಂಕಾಗಿ ಸುಮ್ಮನಾದುದಕ್ಕೂ ಹೊರಗಿನಿಂದ ಭೇದ ಕಾಣುವುದಿಲ್ಲ. ಮಂಕಾದ ಕೂಸು ಮೊಲೆಯನ್ನು ಸರಿಯಾಗಿ ಹಿಡಿಯದೆ ಹಾಲು ಕಡಮೆಯಾಗುವುದು.

ಮೂರನೆಯದಾಗಿ, ಮೊದಲ ಆರು ತಿಂಗಳು ತಾಯಿಯ ಹಾಲಿನ ಹೊರತು ನೀರನ್ನು ಸಹ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಸಾಣೆಕಲ್ಲಿನ ಧೂಳು, ಬೆರಳಿನ ಕೊಳೆ, ಬೇರಿನ ಬೂಷ್ಟು ಇವೆಲ್ಲ ಬಜೆಯೊಡನೆ ಮಗುವಿನ ಹೊಟ್ಟೆಗೆ ಹೋಗುವುವು. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿಯ ಬೀಜಾಣುಗಳು ವರ್ಷ ತುಂಬದ ಶಿಶುವಿನ ಕರುಳಿನಲ್ಲಿ ಮೊಳೆತು ನರಗಳನ್ನು ಸಡಿಲಿಸುವ ವಿಷವನ್ನು ಉಂಟುಮಾಡಬಲ್ಲುವು. ಆದಕಾರಣ ವರ್ಷ ತುಂಬುವವರೆಗೆ ಜೇನೂ ಸಲ್ಲದು. ಬಚ್ಚಲ ನೀರಿನಲ್ಲಿ ಬೆಳೆದ ಬಜೆಯಂತೂ ಯಾರ ಬಾಯಿಗೂ ಯೋಗ್ಯವಲ್ಲ.

ಮಾತಿನ ವಿಷಯ. ಮಗುವಿಗೆ ಮಾತು ಬರುವುದು ಕಿವಿಯ ಮೂಲಕ. ಮನೆಯವರು ಆಡುವುದನ್ನು ಕೇಳಿ ಕೇಳಿ ಅದು ಕಲಿಯುವುದು. ಒಂದೂವರೆ ವರ್ಷವಾದರೂ ಒಂದು ಮಾತನ್ನೂ ಆಡದ, ಹಿಂದಿನಿಂದ ಕರೆದರೆ ತಿರುಗದ ಮಗುವಿಗೆ ನಾಲಗೆಯ ದೋಷಕ್ಕಿಂತ ಕಿವಿಯ ದೋಷವಿರುವ ಸಂಭವ ಹೆಚ್ಚು. ಬಜೆ ತೇಯುತ್ತ ವರ್ಷ ಕಳೆದರೆ ಕಲಿಯುವ ವಯಸ್ಸೇ ಕಳೆದುಹೋಗುವುದು. ಇಂತಹ ಮಕ್ಕಳ ಪರೀಕ್ಷೆ ಚಿಕಿತ್ಸೆಗಳಿಗಾಗಿಯೇ 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಸ್ಥಾಪಿತವಾಯಿತು. ಅಷ್ಟು ದೂರ ಹೋಗುವ ಮೊದಲು ಜಿಲ್ಲೆಯ ಆಸ್ಪತ್ರೆಯಲ್ಲಿ ಕಿವಿಯನ್ನು ತೋರಿಸತಕ್ಕದ್ದು.

ಹೊಟ್ಟೆಯುಬ್ಬರಕ್ಕೆ ಹಾಲೂಡಿಸಿದ ಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿ ತೇಗು ಬರಿಸುವುದೇ ಸಾಕಾದ ಉಪಚಾರ. ಮುಂಗೈಗೆ ಬಜೆಯ ಮಣಿ ಕಟ್ಟಿದರೆ ಮಗು ಅದನ್ನು ಚೀಪುವುದು; ಬಿಡಿಯಾದ ಮಣಿಯು ಗಂಟಲಲ್ಲಿ ಸಿಕ್ಕುವುದೂ ಉಂಟು. ಶಾಸ್ತ್ರಕ್ಕೆ ಬೇಕೇಬೇಕೆಂದು ಹಿರಿಯರು ಹೇಳಿದರೆ ಒಂದು ತುಂಡನ್ನು ಬಟ್ಟೆಯಲ್ಲಿ ಕಟ್ಟಿ, ತೊಟ್ಟಿಲಿಗಲ್ಲದೆ ಮೇಲಿನ ಜಂತಿಗೆ ತೂಗಬಹುದು. ಮಗುವಿಗೆ ಅಪಾಯವೂ ಇಲ್ಲ, ಹಿರಿಯರ ಮನಸ್ಸಿಗೆ ನೋವೂ ಇಲ್ಲ.

ಆಗಲೇ ಬಜೆ ಹೊಟ್ಟೆಗೆ ಹೋಗಿ, ಮಗು ಮೇಲಿಂದ ಮೇಲೆ ಕಕ್ಕುತ್ತಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಹಾಲನ್ನು ಒಲ್ಲದಿದ್ದರೆ, ಮನೆಮದ್ದಿಗೆ ಕಾಯದೆ 108 ಸಂಖ್ಯೆಗೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಉಪ್ಪುನೀರು ಕುಡಿಸಿ ಕಕ್ಕಿಸುವುದು ಸಲ್ಲದು. ಮಲಗಿಸುವಾಗ ಒಂದು ಮಗ್ಗುಲಾಗಿ ಮಲಗಿಸಬೇಕು. ತೇಯ್ದ ಬೇರಿನ ತುಂಡನ್ನು ಜೊತೆಗೆ ಒಯ್ದು, ಕೊಟ್ಟುದನ್ನು ಮುಚ್ಚಿಡದೆ ವೈದ್ಯರಿಗೆ ಹೇಳತಕ್ಕದ್ದು. ಬಯ್ಗುಳಕ್ಕೆ ಹೆದರಿ ಮುಚ್ಚಿಟ್ಟ ಒಂದು ಮಾತಿನಿಂದ ಚಿಕಿತ್ಸೆಯೇ ದಾರಿತಪ್ಪುವುದು.

7. ಗ್ರಾಮಮುಖಂಡರ ಹೊಣೆ

ಹೊಸ ಬೀಜ, ಹೊಸ ನೇಗಿಲು ಊರಿಗೆ ಬರುವುದು ಮೊದಲು ಮುಖಂಡರ ಹೊಲಕ್ಕೆ; ಅಲ್ಲಿ ಕಂಡ ಮೇಲೆ ಉಳಿದವರು ಅನುಸರಿಸುವರು. ಬಜೆಯ ವಿಷಯವೂ ಹಾಗೆಯೇ. ಮುಡಬಿ ಸೀಮೆಯ ಒಂದೊಂದು ಊರಿನಲ್ಲಿ ಒಬ್ಬ ಹಿರಿಯರ ಹಿತ್ತಲಲ್ಲಿ ಈ ಗುಣಿಯೊಂದು ಸಿದ್ಧವಾದರೆ, ಮರುವರ್ಷ ಅದರ ಮೊಳಕೆಗಳೇ ಹತ್ತು ಮನೆಗೆ ಸಾಲುವುವು. ಬಚ್ಚಲ ನೀರು ಬೀದಿಗೆ ಹರಿದು ಕೊಚ್ಚೆಯಾಗುವುದು ತಪ್ಪುವುದು. ಬೀಜದ ಕಾಳು ಉಳಿಯುವುದು.

ಆದರೆ ಮೊಳಕೆಯನ್ನು ಕೊಡುವಾಗ ಎಚ್ಚರಿಕೆಯ ಮಾತನ್ನೂ ಜೊತೆಗೆ ಕೊಡತಕ್ಕದ್ದು. ಹಿತ್ತಲಲ್ಲಿಯೇ ಬೆಳೆದ ಬಜೆಯು ಕೈಗೆ ಸುಲಭವಾಗಿ ಸಿಕ್ಕುವುದರಿಂದ, ತಿಳಿವಳಿಕೆಯಿಲ್ಲದಿದ್ದರೆ ಕೂಸುಗಳಿಗೆ ಅದನ್ನು ತೇಯುವುದು ಇನ್ನೂ ಹೆಚ್ಚಬಹುದು. ಗಂಡಸರ ಸಭೆಯಲ್ಲಿ ಕೇಳಿದ ಮಾತು ಬಾಣಂತಿಯ ಕೋಣೆಯವರೆಗೆ ಹೋಗುವುದು ವಿರಳ. ಆದುದರಿಂದ ಈ ಸಂಗತಿಯನ್ನು ಪ್ರತಿಯೊಬ್ಬರೂ ಮನೆಗೆ ಹೋದ ದಿನವೇ ತಾಯಿ, ಹೆಂಡತಿ, ಸೊಸೆಯರಿಗೆ ಓದಿ ಹೇಳುವುದು ಅವಶ್ಯ. ಊರಿನ ಆಶಾ ಕಾರ್ಯಕರ್ತೆಯನ್ನೂ ಅಂಗನವಾಡಿಯ ಕಾರ್ಯಕರ್ತೆಯನ್ನೂ ಕರೆದು ಅವರ ಬಾಯಿಂದಲೂ ಹೇಳಿಸುವುದು ಇನ್ನೂ ಉತ್ತಮ.

ಬಿತ್ತುವ ಕಾಳು ಮುಂದಿನ ವರ್ಷದ ಬೆಳೆ. ತೊಟ್ಟಿಲ ಕೂಸು ಮುಂದಿನ ತಲೆಮಾರಿನ ಒಕ್ಕಲು. ಬಜೆಯು ಮೊದಲನೆಯದನ್ನು ಕಾಯಲಿ. ಎರಡನೆಯದನ್ನು ಅದರಿಂದ ಕಾಯುವುದು ಮನೆಯ ಹಿರಿಯರ ಕೆಲಸ.